ಐನೋ ಬಂದರು

ಒಂದು ವರ್ಷ ಓದಲೆಂದು ಫಿನ್‌ಲೆಂಡಿನಿಂದ ಬೆಳಗಾವಿಗೆ ಬಂದ ಹದಿನೇಳರ ಹುಡುಗಿಯ ಹೆಸರು ಐನೋ. ಅವಳ ದೇಶದಲ್ಲಿ ಅದು ಸಾಧಾರಣ ಹೆಸರು. ಆದರೆ ಅವಳನ್ನು ಸಾಂಬ್ರಾ ವಿಮಾನ ನಿಲ್ದಾಣದಿಂದ ಮಹಾಂತೇಶ ನಗರದ ತಮ್ಮ ಮನೆಗೆ ಕರೆತಂದ ಚೇತನ, ಪೂರ್ಣಿಮಾ ದಂಪತಿಗೆ ಆ ಹೆಸರು ಹಿಡಿದು ಕರೆಯುವುದೇ ಕಷ್ಟವಾಯಿತು. ಮನೆಗೆ ಬಂದು ಪಾದಪೂಜೆ ಮಾಡಿಸಿಕೊಳ್ಳುವ ಜಂಗಮರನ್ನು ಅವರು ಚಿಕ್ಕಂದಿನಿಂದ ಐನೋರು ಎಂದೇ ಕರೆದವರು. ಹೀಗಾಗಿ ಚೇತನನಿಗೆ ಅರಿವಿಲ್ಲದೆಯೇ ಬಹುವಚನ ಬಂದುಬಿಡುತ್ತಿತ್ತು. "ಐನೋ ಎದ್ದಾರೇನ? ಚಾ ಕುಡದಾರೇನ?"

ಪೂರ್ಣಿಮಾ ಅವಳಿಗೆ ಒಂದು ಲೋಟವನ್ನೂ ಎತ್ತಲು ಬಿಡಲಿಲ್ಲ. ತನ್ನೂರಿನಲ್ಲಿ ಹಿಮ ಬಾಚಿ, ತಮ್ಮಂದಿರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಹುಡುಗಿ ಇಲ್ಲಿ ಕಾಲೇಜಿನಿಂದ ಬಂದವಳೇ ಸೋಫಾದ ಮೇಲೆ ಕುಳಿತು ಫ್ಯಾನು ನೋಡುತ್ತಿದ್ದಳು. ಒಂದು ಬೆಳಿಗ್ಗೆ ಕದ್ದು ಅಂಗಳ ಗುಡಿಸಿದಳು. ಪೂರ್ಣಿಮಾ ಓಡಿ ಬಂದು ಕಸಬರಿಗೆ ಕಸಿದುಕೊಂಡು, "ಬಾಜೂ ಮನಿಯವರು ನೋಡಿದ್ರ ಏನಂದಾರವಾ? ನೀ ಪಾವಣಿ ಅದಿ, ಮನಿಗೆ ಬಂದ ಅತಿಥಿ, ಒಳಗ ನಡಿ" ಎಂದಳು. ಆ ದಿನ ಐನೋ ತಾಯಿಗೆ ಬರೆದಳು: "ಇವರು ಬಹಳ ಒಳ್ಳೆಯವರು. ಇನ್ನು ಸ್ವಲ್ಪ ದಿನಕ್ಕೆ ನಾನೂ ಒಂದು ಸೋಫಾ ಆಗುತ್ತೇನೆ."

ಹನ್ನೊಂದನೆಯ ದಿನ ಭಾನುವಾರ. ಖಾನಾಪುರದಲ್ಲಿ ಅಣ್ಣನ ಮನೆಯಲ್ಲಿದ್ದ ತಾಯಿ ಗೌರವ್ವನನ್ನು ಕಾಣಲು ಹೊರಡುವ ಮೊದಲು ಚೇತನ ಫೋನು ಮಾಡಿದ. ಗೌರವ್ವ ಹಿತ್ತಲಲ್ಲಿ ನಾಲ್ಕು ಹೆಂಗಸರನ್ನು ಇಟ್ಟುಕೊಂಡು ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿನಲ್ಲಿ ಮಾತು ಅರ್ಧವಷ್ಟೇ ಕೇಳುತ್ತಿತ್ತು.

"ಅವ್ವಾ, ಐನೋ ನಮ್ಮ ಜೋಡಿ ಬರತಾರ. ಅವರಿಗೆ ಖಾರ ನಡಿಯಂಗಿಲ್ಲ."

"ಖಾರ ಬಿಟ್ಟಾರ? ಭಾಳ ದೊಡ್ಡವರೇನ?"

"ದೊಡ್ಡವರಂದ್ರ, ನಿನ್ನ ಬಾಗಲಾ ಬಗ್ಗೇ ಬರಬೇಕು."

ಮಗನ ಮನೆಯಲ್ಲಿ ಪರದೇಶದ ಹುಡುಗಿ ಇರುವುದು ಗೌರವ್ವನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಅವಳು ಮಡಿಯಲ್ಲಿ ಹೋಳಿಗೆ ಮಾಡಿ, ಮಣೆ ಹಾಕಿ, ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಳು. ಆ ಮನೆಗೆ ಮೂವತ್ತು ವರ್ಷದಿಂದ ಬರುತ್ತಿದ್ದ ಐನೋರು ಈರಯ್ಯ. ಬೆಳಗಾವಿಯಿಂದ ಬೇರೆಯವರು ಬರುತ್ತಿದ್ದಾರೆಂದು ಕೇಳಿ ಸಿಟ್ಟಾಗಿ, ಕರೆಯದಿದ್ದರೂ ಬಂದು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು.

ಚೇತನ, ಪೂರ್ಣಿಮಾ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಮುಂದೆ ಹೋದರು. ಐನೋ ಒಬ್ಬಳೇ ಮೊದಲು ಬಂದಳು.

"ನೀ ಬಂದಿ, ಛಲೋ ಆತು," ಎಂದಳು ಗೌರವ್ವ. "ಐನೋರು ಎಲ್ಲಿ?"

"ನಾನ ಐನೋ, ರೀ," ಎಂದಳು ಅವಳು, ಹತ್ತು ದಿನದಲ್ಲಿ ಕಲಿತಷ್ಟು ಕನ್ನಡದಲ್ಲಿ.

ಗೌರವ್ವ ತಂಬಿಗೆ ಹಿಡಿದು ಹಾಗೇ ನಿಂತಳು. ಈರಯ್ಯ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಯಾವ ಮಠ ತಮ್ಮದು?" ಎಂದರು.

ಐನೋಗೆ "ಯಾವ" ಎಂಬುದಷ್ಟೇ ತಿಳಿಯಿತು. ಊರು ಕೇಳುತ್ತಿದ್ದಾರೆಂದುಕೊಂಡಳು. "ಫಿನ್‌ಲೆಂಡ್, ರೀ."

"ಎಲ್ಲಿ ಬರತೈತಿ ಅದು?"

"ಭಾಳ ಮ್ಯಾಲ, ರೀ." ಭೂಪಟದ ತುದಿ ನೆನೆದು ಅವಳು ಕೈ ಎತ್ತಿ ತೋರಿಸಿದಳು. ಈರಯ್ಯ ಆಕಾಶ ನೋಡಿದರು.

ಬಾಗಿಲಲ್ಲಿ ನೀರು ಕೊಡುವುದು ಕಾಲು ತೊಳೆಯಲಿಕ್ಕೆ ಎಂದು ದಾರಿಯಲ್ಲಿ ಪೂರ್ಣಿಮಾ ಹೇಳಿದ್ದಳು. ಕಟ್ಟೆಯ ಮೇಲಿದ್ದ ಅಜ್ಜ ತನಗಿಂತ ಮೊದಲೇ ಬಂದವರು, ಹಾಗಾಗಿ ಸರದಿ ಅವರದು ಎಂದು ಐನೋಗೆ ಅನಿಸಿತು. "ಕೊಡ್ರಿ" ಎಂದು ತಂಬಿಗೆ ತೆಗೆದುಕೊಂಡು, ಮೊಣಕಾಲೂರಿ ಕುಳಿತು, ಈರಯ್ಯನವರ ಕಾಲಿಗೆ ನೀರು ಹಾಕಿ, ಬೆರಳ ಸಂದಿಯ ಧೂಳೂ ಹೋಗುವಂತೆ ಉಜ್ಜಿ ತೊಳೆದಳು. ಆಮೇಲೆ ತನ್ನ ಕೊರಳ ವಸ್ತ್ರದಿಂದಲೇ ಒರೆಸಿದಳು.

ಈರಯ್ಯ ತಮ್ಮ ಪಾದಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕೊನೆಗೆ, "ಗೌರವ್ವಾ, ಈ ಐನೋರ ಬಗ್ಗೆ ನಂದೇನೂ ತಕರಾರಿಲ್ಲ" ಎಂದರು.

ಅಷ್ಟರಲ್ಲಿ ಬಂದ ಚೇತನ ವಿಷಯ ಬಿಡಿಸಿ ಹೇಳಿದ. ಗೌರವ್ವ ನಕ್ಕು ನಕ್ಕು ಹೊಸ್ತಿಲ ಮೇಲೆ ಕುಳಿತಳು. ಈರಯ್ಯನವರನ್ನೇ ಮಣೆಯ ಮೇಲೆ ಕೂರಿಸಿ, ಐನೋ ಕಡೆ ತಿರುಗಿದಳು. "ಐನೋರಲ್ಲಂದ ಮ್ಯಾಲ ಸುಮ್ನ ಯಾಕ ನಿಂತಿ? ಎಲಿ ಹಾಕು. ಹೋಳಿಗಿ ಬಡಸು."

ಹನ್ನೊಂದು ದಿನದಲ್ಲಿ ಅವಳಿಗೆ ಸಿಕ್ಕ ಮೊದಲ ಕೆಲಸ ಅದು. ಓಡಾಡಿ ಬಡಿಸಿದಳು. ಸಾಕೆಂದರೂ ಈರಯ್ಯನವರಿಗೆ ನಾಲ್ಕನೆಯ ಹೋಳಿಗೆ ಬಿತ್ತು. ಊಟವಾದ ಮೇಲೆ ಹಿತ್ತಲಿಗೆ ಹೋಗಿ ಹೆಂಗಸರ ಪಕ್ಕ ಹಿಟ್ಟು ಹಿಡಿದು ಕುಳಿತಳು. ಸಂಜೆ ಚೇತನ ಹೊರಡೋಣವೆಂದಾಗ ಏಳಲಿಲ್ಲ. "ನಾ ಇಲ್ಲೇ ಇರತೇನ್ರಿ. ಕೆಲಸ ಐತಿ."

ಪೂರ್ಣಿಮಾಳ ಮುಖ ಸಣ್ಣದಾಯಿತು. "ಅತ್ತಿ, ಪಾವಣೇರ ಕಡಿಂದ ಕೆಲಸಾ ಮಾಡಸೂದೇನು?"

"ಕುಂಡ್ರಿಸಿ ಕುಂಡ್ರಿಸಿ ಆ ಪೋರಿ ಕಾಲ ಜೋಮ ಹಿಡಿಸಿದಿ," ಎಂದಳು ಗೌರವ್ವ. "ಮಾರಿ ನೋಡು, ಈಗ ಹೆಂಗೈತಿ."

ಪೂರ್ಣಿಮಾ ನೋಡಿದಳು. ಐನೋಳ ಹುಬ್ಬಿನವರೆಗೂ ಜೋಳದ ಹಿಟ್ಟು ಹತ್ತಿತ್ತು. ಎದುರಿಗಿದ್ದ ರೊಟ್ಟಿ ಮೂರು ಕಡೆ ಹರಿದಿತ್ತು. ಪೂರ್ಣಿಮಾ ಬಳೆ ಹಿಂದಕ್ಕೆ ಸರಿಸಿ, ಸೀರೆ ಸೆರಗು ಸಿಕ್ಕಿಸಿ, ಅವಳ ಬಾಜೂ ಕುಳಿತಳು.

"ಹಂಗಲ್ಲವಾ," ಎಂದಳು. "ಅಂಗೈ ಸಡ್ಲ ಬಿಡು. ತೋರಸ್ತೇನಿ, ತಾ ಇಲ್ಲೆ."