ಫರ್ಹಾನ ಟೀಚರ ಕಂಪ್ಯೂಟರು

ಗಂಡಸರು ಮಯ್ಯತ್ತನ್ನು ಹೆಗಲಿಗೇರಿಸಿ ಮಸೀದಿಯ ಕಡೆ ತಿರುಗಿದ ಮೇಲೂ ಹಫ್ಸ ಬಾಗಿಲಲ್ಲೇ ನಿಂತಿದ್ದಳು. ತೀರಿಹೋದ ಅಕ್ಕ ಫರ್ಹಾನಳನ್ನು ಕೊನೆಯ ಸಲ ಮೀಯಿಸಿದ ಕೈಯಲ್ಲಿ ಇನ್ನೂ ಕರ್ಪೂರದ ವಾಸನೆ ಇತ್ತು. ಅಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸಿಟ್ಟು, ಅದೂ ಒಳಗೆ ಕುರ್ಚಿಯಲ್ಲಿ ಕೂತಿದ್ದ ಹೆಡ್‌ಮಿಸ್ಟ್ರೆಸ್ ರಾಜಮತಿಯವರ ಮೇಲೆ.

ರಾಜಮತಿ ತಮ್ಮ ಫೋನನ್ನು ಹಫ್ಸಳ ತಾಯಿ ಮಿಸ್ರಿಯಾರ ಮುಂದೆ ಹಿಡಿದಿದ್ದರು. "ನೋಡಿ, ಶಾಲೆಯ ಗ್ರೂಪಿಗೆ ಇದನ್ನೇ ಹಾಕಿದ್ದೇನೆ. ನಮ್ಮ ಕಂಪ್ಯೂಟರ್ ಕ್ಲಾಸಿನ ಜೀವವೇ ನಿಮ್ಮ ಮಗಳು."

ಫೋಟೋದ ಸುತ್ತ ಗುಲಾಬಿ ಹೂ. ನಡುವೆ ಕಂಪ್ಯೂಟರ್ ಎದುರು ಸಾಲಾಗಿ ಕೂತ ಮಕ್ಕಳು, ಹಿಂದೆ ಫರ್ಹಾನ.

"ಸ್ಕ್ರೀನ್ ನೋಡಿ ಟೀಚರ್," ಎಂದಳು ಹಫ್ಸ. "ಎಲ್ಲ ಕಪ್ಪು. ಒಂದಾದರೂ ಆನ್ ಉಂಟಾ?"

"ಅದು ಇನ್‌ಸ್ಪೆಕ್ಷನ್ ದಿನ ತೆಗೆದದ್ದು ಮಾರಾಯ್ತಿ. ಗಡಿಬಿಡಿ ಇತ್ತು."

"ಫೋಟೋ ತೆಗೆದು ಕಂಪ್ಯೂಟರ್ ಕೋಣೆಗೆ ಪುನಃ ಬೀಗ ಹಾಕಿದಿರಿ. ಆಸ್ಪತ್ರೆಯ ಮಂಚದಲ್ಲೂ ಅಕ್ಕ ಕೇಳಿದ್ದು ಒಂದೇ, ಕೋಣೆ ತೆಗೆದರಾ ಅಂತ."

"ಹಫ್ಸ, ಸಾವಿನ ಮನೆ ಇದು," ಎಂದು ನೆರೆಮನೆಯಾಕೆ ಅವಳ ತೋಳು ಹಿಡಿದಳು. ಹಫ್ಸ ಕೊಡವಿಕೊಂಡಳು.

*

ಕೋಣೆಯ ಕೀ ಕೊಡದಿದ್ದರೆ ಬೇರೇನು ಮಾಡುವುದು? ಫರ್ಹಾನ ತಾನೇ ಕಂಪ್ಯೂಟರ್ ಆದಳು. ಕಾಯಿಲೆ ಬೀಳುವ ಮೊದಲು ಒಂದು ದಿನ ನಾಲ್ಕನೇ ಕ್ಲಾಸನ್ನು ಶಾಲೆಯ ಅಂಗಳಕ್ಕೆ ಕರೆತಂದು, "ನಾನೀಗ ಕಂಪ್ಯೂಟರ್. ನನ್ನನ್ನು ಬಾವಿಕಟ್ಟೆಯ ತನಕ ಮುಟ್ಟಿಸಿ, ನೋಡುವ," ಎಂದಳು.

"ಮುಂದೆ ನಡೀರಿ," ಎಂದಳು ತ್ರಿಶಾ.

ಫರ್ಹಾನ ನಡೆದಳು. ನಿಲ್ಲಿ ಎಂದು ಯಾರೂ ಹೇಳಲಿಲ್ಲ. ದಾಸವಾಳದ ಗಿಡದೊಳಗೆ ನುಗ್ಗಿ, ಅಲ್ಲೂ ಕಾಲು ಆಡಿಸುತ್ತಲೇ ಇದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು.

"ನನ್ನ ತಪ್ಪಲ್ಲ, ಹೇಳಿದ್ದನ್ನೇ ಮಾಡಿದ್ದೇನೆ. ಎಲ್ಲಿಯ ತನಕ ಅಂತ ಹೇಳಬೇಕು," ಎಂದಳು ತಲೆಯ ಎಲೆ ಕೊಡವುತ್ತಾ.

ತ್ರಿಶಾ ಯೋಚಿಸಿದಳು. "ಗಿಡ ಸಿಗುವ ತನಕ ನಡೀರಿ. ಸಿಕ್ಕಿದರೆ ಎಡಕ್ಕೆ ತಿರುಗಿ."

"ಹಾಂ, ಇದೇ ಪ್ರೋಗ್ರಾಮ್."

ಜಗಲಿಯಿಂದ ಎಲ್ಲ ನೋಡಿದ ರಾಜಮತಿ ಸಂಜೆ ಅವಳನ್ನು ಕರೆಸಿದರು. "ಟೀಚರ್ ಅಂದಮೇಲೆ ಒಂದು ಮರ್ಯಾದೆ ಬೇಡವಾ?"

"ಹಾಗಾದರೆ ಕೋಣೆ ತೆಗೆದುಕೊಡಿ."

"ಮಕ್ಕಳು ಕುಟ್ಟಿ ಹಾಳು ಮಾಡ್ತಾರೆ. ಆಮೇಲೆ ಯಾರು ಉತ್ತರ ಕೊಡುವುದು?"

ಕಂಪ್ಯೂಟರುಗಳು ಹಾಳಾಗಲಿಲ್ಲ. ಪ್ಲಾಸ್ಟಿಕ್ ಹೊದ್ದು ಕತ್ತಲಲ್ಲಿ ಸುಖವಾಗಿದ್ದವು. ಕಿಡ್ನಿ ಕೈಕೊಟ್ಟು ಹೋದದ್ದು ಫರ್ಹಾನ.

*

"ಇವತ್ತು ಶಾಲೆಗೆ ರಜೆ ಕೊಡ್ತೇನೆ," ಎನ್ನುತ್ತಾ ರಾಜಮತಿ ಸಾವಿನ ಮನೆಯ ಕುರ್ಚಿಯಿಂದ ಎದ್ದರು. "ಅಷ್ಟು ಗೌರವ ಸಲ್ಲಬೇಕು."

"ರಜೆ ಬೇಡ. ಕೋಣೆ ತೆಗೀರಿ. ಇವತ್ತೇ."

"ಸಾವಿನ ದಿನವಾ? ನಾಳೆ ನೋಡುವ."

"ನಿಮ್ಮ ನಾಳೆಯನ್ನು ಅಕ್ಕ ನೋಡಿ ಆಯ್ತು."

ತಾಯಿ ಗದರಿಸುತ್ತಾರೆಂದು ಎಲ್ಲರೂ ಕಾದರು. ಮಿಸ್ರಿಯಾ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು.

"ಹೋಗು ಮಗಳೇ. ತೆಗೆಸಿಯೇ ಬಾ."

ಶಾಲೆ ಇದ್ದದ್ದು ರಸ್ತೆಯ ಆಚೆ ಬದಿಯಲ್ಲೇ. ತಾಯಿಯೇ ಹೇಳಿದ ಮೇಲೆ ರಾಜಮತಿ ಹಫ್ಸಳೊಟ್ಟಿಗೆ ಹೊರಡಲೇಬೇಕಾಯಿತು. ಟೀಚರನ್ನು ನೋಡಲು ಬಂದು ಗೇಟಿನ ಹತ್ತಿರವೇ ನಿಂತಿದ್ದ ಮಕ್ಕಳೂ ಹಿಂದೆ ಬಂದರು. ಕೋಣೆಯ ಬಾಗಿಲಲ್ಲಿ ರಾಜಮತಿ ಬ್ಯಾಗಿನಿಂದ ಕೀ ಗೊಂಚಲು ತೆಗೆದರು. ಸಾವಿನ ಮನೆಗೂ ತಂದಿದ್ದರು, ಪುಣ್ಯಾತ್ಗಿತ್ತಿ. ಬೀಗಕ್ಕೆ ತುಕ್ಕು ಹಿಡಿದಿತ್ತು. ಕೀ ತಿರುಗಲಿಲ್ಲ.

"ನೋಡು, ಆಗುವುದಿಲ್ಲ. ಎಣ್ಣೆ ಬಿಡಬೇಕು. ಇನ್ನೊಮ್ಮೆ ಬರುವ."

ತ್ರಿಶಾ ಮುಂದೆ ಬಂದಳು. ಅತ್ತು ಅತ್ತು ಅವಳ ಸ್ವರ ಬಿದ್ದುಹೋಗಿತ್ತು.

"ಕೀ ತೆಗೀಬೇಡಿ ಟೀಚರ್. ಬಲಕ್ಕೆ ತಿರುಗಿಸಿ."

ರಾಜಮತಿ ತಿರುಗಿಸಿದರು.

"ತೆರೆಯದಿದ್ದರೆ ಪುನಃ ತಿರುಗಿಸಿ."

ರಾಜಮತಿ ಹಿಂದಕ್ಕೆ ನೋಡಿದರು. ಹಫ್ಸ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು.

"ಎಷ್ಟು ಸಲ?"

"ತೆರೆಯುವ ತನಕ," ಎಂದರು ಮಕ್ಕಳೆಲ್ಲ ಒಟ್ಟಿಗೆ.

ಮಸೀದಿಯ ಕಡೆಯಿಂದ ಮಯ್ಯತ್ ನಮಾಜಿನ ತಕ್ಬೀರ್ ಕೇಳಿಸಿತು. ಹೆಡ್‌ಮಿಸ್ಟ್ರೆಸ್ಸರ ಬಿಳಿ ಸೀರೆಯ ಮೇಲೆ ತುಕ್ಕಿನ ಪುಡಿ ಉದುರುತ್ತಲೇ ಇತ್ತು.