ಇಸ್ತ್ರಿ ಹಾಕದ ದನಿ

ಅಕ್ಕ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಏನೇ ಗುಬ್ಬಿ, ಇಸ್ತ್ರಿಪೆಟ್ಟಿಗೆ ಬಿಸಿ ಆಗಿದ್ಯಾ?"

ಗುಬ್ಬಿ ಹಿಂದಿನ ಕೋಣೆಯ ಬಾಗಿಲು ತೆರೆದು, ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯ ರಾಶಿಯನ್ನು ಎತ್ತಿ ಮಂಚಕ್ಕೆ ಹಾಕಿ, ಅಕ್ಕನಿಗೆ ಜಾಗ ಮಾಡಿಕೊಟ್ಟಳು. ಮೊದಲು ಬೇಡದ ಸಾಮಾನು ತುಂಬಿಡುತ್ತಿದ್ದ ಕೋಣೆ ಅದು. ಈಗ ಗೋಡೆಗೆ ಸದ್ದು ತಡೆಯಲು ಹಳೆಯ ರಜಾಯಿಗಳು, ಮೇಜಿನ ಮೇಲೆ ಕಂಪ್ಯೂಟರ್, ಅದರ ಎರಡೂ ಪಕ್ಕಕ್ಕೆ ಒಂದೊಂದು ಸ್ಪೀಕರ್. ಗೋಡೆಯಾಚೆ ಅಡುಗೆಮನೆ. ಅಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ರಜಾಯಿಗಳನ್ನೂ ದಾಟಿ ಬರುತ್ತಿತ್ತು.

ಚಿಕ್ಕಂದಿನಲ್ಲಿ ಅಕ್ಕ ಅತ್ತರೆ ಬೀದಿಯ ಕೊನೆಯ ಮನೆಯವರೂ ಹೊರಗೆ ಬಂದು ನೋಡುತ್ತಿದ್ದರಂತೆ. ಹಾಗಾಗಿ ಮನೆಯಲ್ಲಿ ಅವಳು ತುತ್ತೂರಿ. ತಂಗಿಗೆ ಜ್ವರ ಬಂದರೂ ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತಿರಲಿಲ್ಲ; ಅವಳು ಗುಬ್ಬಿ. ದೊಡ್ಡವರಾದ ಮೇಲೆ ತುತ್ತೂರಿ ಹಾಡುಗಾರ್ತಿಯಾದಳು. ಗುಬ್ಬಿ ಬೇರೆಯವರ ದನಿಗಳನ್ನು ವಾದ್ಯಗಳ ಜೊತೆ ಬೆರೆಸಿ ಹದ ಮಾಡುವ ಮಿಕ್ಸಿಂಗ್ ಕೆಲಸ ಹಿಡಿದಳು. "ಒಬ್ಬಳು ಕೂಗೋದು, ಒಬ್ಬಳು ಸುಮ್ಮನಿರಿಸೋದು. ಸದ್ಯ, ನನ್ನ ಕೆಲಸ ಮುಗೀತು" ಎಂದು ಅಮ್ಮ ನಿಟ್ಟುಸಿರು ಬಿಟ್ಟಿದ್ದಳು.

ಮುಗಿದಿರಲಿಲ್ಲ. ಅಕ್ಕ ತನ್ನ ಮೊದಲ ಆಲ್ಬಮ್ಮಿನ ಹಾಡುಗಳನ್ನು ತಂಗಿಯ ಕೈಗೆ ಕೊಟ್ಟಿದ್ದಳು. ಮೊದಲನೆಯದನ್ನು ಗುಬ್ಬಿ ಕಷ್ಟಪಟ್ಟು ಮಾಡಿ ಕಳಿಸಿದಾಗ ಅಕ್ಕ ಕೇಳಿ ಫೋನು ಮಾಡಿದ್ದಳು. "ಚೆನ್ನಾಗಿದೆ ಕಣೇ. ಹಾಡಿರೋದು ಯಾರು?"

ಗುಬ್ಬಿಗೆ ಆ ರಾತ್ರಿ ಊಟ ಸೇರಲಿಲ್ಲ. ಅದೇ ಫೋನಿನಲ್ಲಿ ಅಕ್ಕ ನಗುವುದನ್ನು ನಿಲ್ಲಿಸಿ, ಮೆತ್ತಗೆ ಹೇಳಿದ್ದು ಇನ್ನೂ ನೆನಪಿತ್ತು: "ಶನಿವಾರ ಬಂದು ಎರಡನೇದು ಕೇಳ್ತೀನಿ. ಅದರಲ್ಲೂ ನನ್ನ ದನಿಗೆ ಇಸ್ತ್ರಿ ಹಾಕಿದ್ರೆ ಎಲ್ಲಾ ಹಾಡೂ ಆ ಲಿಫ್ಟ್ ಇರೋ ದೊಡ್ಡ ಸ್ಟುಡಿಯೋಗೆ ಕೊಡ್ತೀನಿ. ಅವರಿಗೆ ಅವತ್ತು ಸಂಜೆಯೊಳಗೆ ಹೇಳಬೇಕು. ಬೇಜಾರು ಮಾಡ್ಕೋಬೇಡ. ನೀನು ತಂಗಿ, ತಂಗಿಯಾಗೇ ಇರ್ತೀಯ."

ಬೇಜಾರಾಗಿದ್ದು ಆ ಕೊನೆಯ ಮಾತಿಗೇ.

ತಪ್ಪು ತನ್ನದೇ ಎಂದು ಗುಬ್ಬಿಗೆ ಗೊತ್ತಿತ್ತು. ಕಂಪ್ಯೂಟರಿನೊಳಗಿನ ಕಂಪ್ರೆಸರ್ ಎಂದರೆ ಬಾಗಿಲಲ್ಲಿ ನಿಲ್ಲಿಸಿದ ಕಾವಲುಗಾರನ ಹಾಗೆ. ಒಂದು ಗೆರೆ ಹಾಕಿಕೊಟ್ಟರೆ, ದನಿ ಆ ಗೆರೆ ದಾಟಿ ಮೇಲೆದ್ದಾಗಲೆಲ್ಲ ಹೆಗಲ ಮೇಲೆ ಕೈಯಿಟ್ಟು ಕೆಳಗೆ ಕೂರಿಸುತ್ತದೆ. ಎಷ್ಟು ಒತ್ತಬೇಕು, ಎಷ್ಟು ಬೇಗ ಕೈಯಿಡಬೇಕು, ಯಾವಾಗ ಕೈ ತೆಗೆಯಬೇಕು, ಎಲ್ಲಕ್ಕೂ ಒಂದೊಂದು ನಾಬ್. ಹುಟ್ಟಿದಾಗಿನಿಂದ ತುತ್ತೂರಿಯ ಪಕ್ಕದಲ್ಲೇ ಮಲಗಿ ಬೆಳೆದವಳು ಗುಬ್ಬಿ. ಅಕ್ಕನ ದನಿ ಬಂದ ಕೂಡಲೇ ಅವಳ ಕೈ ತಾನಾಗಿ ಗೆರೆಯನ್ನು ಕೆಳಕ್ಕೆಳೆಯುತ್ತಿತ್ತು. ಸೇಡು ಅಂತಲ್ಲ, ಅಭ್ಯಾಸ.

"ಹಾಕು, ಕೇಳೋಣ" ಎಂದಳು ಅಕ್ಕ, ಕುರ್ಚಿ ಬಿಟ್ಟು ಮಂಚದ ಮೇಲಿನ ಮಡಿಸದ ಬಟ್ಟೆಯ ರಾಶಿಗೆ ಒರಗಿ.

ಹಾಡು ಶುರುವಾಯಿತು. ದೂರ ಹೋದವರನ್ನು ಕರೆಯುವ ಹಾಡು. ಮಧ್ಯದಲ್ಲಿ ದನಿ ಎತ್ತರಕ್ಕೆ ಹೋಗಿ, ಕೊನೆಯ ಸಾಲಿಗೆ ಬರುವಾಗ ಪಿಸುಮಾತಿಗೆ ಇಳಿಯುತ್ತಿತ್ತು: *ಬಾಗಿಲು ಹಾಕಿಲ್ಲ, ಒಳಗೆ ಬಾ.*

ಹಾಡು ಮುಗಿದಾಗ ಅಕ್ಕ ಚಾವಣಿ ನೋಡುತ್ತಿದ್ದಳು.

"ಹೇಳು" ಎಂದಳು ಗುಬ್ಬಿ.

"ಹೋದ ಸಲಕ್ಕಿಂತ ಪರವಾಗಿಲ್ಲ. ಹೋದ ಸಲ ನಾನು ಇರಲೇ ಇಲ್ಲ. ಈ ಸಲ ಇದ್ದೀನಿ, ಪಾಸ್‌ಪೋರ್ಟ್ ಫೋಟೋದಲ್ಲಿ ಇರೋ ಹಾಗೆ."

"ಅಕ್ಕಾ!"

"ನಗಬಾರದು, ಅಲ್ಲಾಡಬಾರದು, ಎರಡೂ ಕಿವಿ ಕಾಣಬೇಕು. ಹಂಗಿದೆ ಕಣೇ. ಉಸಿರೆಲ್ಲಿ ನಂದು? ಸಾಲು ಎತ್ತೋ ಮೊದಲು ಉಸಿರು ತಗೋತೀನಲ್ಲ, ಅದಕ್ಕೂ ಕೂಗಿಗೂ ಒಂದೇ ತೂಕ."

ಗುಬ್ಬಿ ವಾದಕ್ಕಿಳಿಯಲಿಲ್ಲ. ಕಂಪ್ರೆಸರ್ ಇಲ್ಲದೆ ಹೇಗಿತ್ತು, ಇದ್ದರೆ ಹೇಗಿದೆ ಎಂದು ಅಕ್ಕನಿಗೆ ಒಂದೆರಡು ಸಲ ಕೇಳಿಸಿ, "ಸರಿ, ನೀನು ಇಲ್ಲೇ ಕೂತಿರು. ನಾನು ತಿರುಗಿಸ್ತಾ ಹೋಗ್ತೀನಿ, ಎಲ್ಲಿ ಸರಿ ಅಂತ ನೀನೇ ಹೇಳು" ಎಂದಳು.

ಕಾವಲುಗಾರ ಸ್ವಲ್ಪ ತಡವಾಗಿ ಕೈಯಿಡುವಂತೆ ಒಂದು ನಾಬ್ ತಿರುಗಿಸಿದಳು.

"ಹಾಂ!" ಅಕ್ಕ ಎದ್ದು ಕೂತಳು. "ಬಂತು ನೋಡು. ಈಗ ಅಕ್ಷರದ ಮೂತಿ ಕಾಣ್ತಿದೆ."

ಒತ್ತುವುದನ್ನು ಕಡಿಮೆ ಮಾಡಿದಳು.

"ಈಗ ಉಸಿರಾಡ್ತಿದ್ದೀನಿ. ಇನ್ನೂ ಸ್ವಲ್ಪ... ಇನ್ನೂ... ಅಯ್ಯೋ, ಜಾಸ್ತಿ ಆಯ್ತು. ಹಿಂದೆ ಬಾ. ಅಲ್ಲೇ! ಅಲ್ಲೇ ನಿಲ್ಲಿಸು!"

ಗುಬ್ಬಿಗೂ ಕೇಳಿಸುತ್ತಿತ್ತು. ದನಿ ತೆರೆದುಕೊಳ್ಳುತ್ತಿತ್ತು, ಮುಚ್ಚಿದ್ದ ಕೋಣೆಗೆ ಗಾಳಿ ಬಂದ ಹಾಗೆ. ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ. ಇಬ್ಬರೂ ಒಮ್ಮೆಲೇ "ಇದೇ!" ಎಂದು ಚಪ್ಪಾಳೆ ತಟ್ಟಿದರು. ಎಷ್ಟೋ ದಿನದ ಮೇಲೆ ಗುಬ್ಬಿಯ ಎದೆ ಹಗುರವಾಯಿತು.

"ಅಮ್ಮಾ, ಬಾಮ್ಮ ಇಲ್ಲಿ!"

ಅಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತಳು. ಗುಬ್ಬಿ ನಾಬ್‌ಗಳನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಿ ಹಾಡು ಹಾಕಿದಳು, ಆಮೇಲೆ ಈಗಿನ ಜಾಗಕ್ಕೆ ತಿರುಗಿಸಿ.

"ಏನು ವ್ಯತ್ಯಾಸ?" ಎಂದಳು ಅಮ್ಮ. "ಎರಡೂ ಒಂದೇ ಅಲ್ವಾ?"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿನಗೆ ಪಾತ್ರೆ ಸದ್ದಲ್ಲಿ ಕಿವಿ ಹೋಗಿದೆ, ಹೋಗಮ್ಮ."

"ನಿನ್ನನ್ನ ಹೆತ್ತ ದಿನವೇ ಹೋಯ್ತು" ಎಂದು ಅಮ್ಮ ವಾಪಸು ಹೊರಟಳು.

ಗುಬ್ಬಿಯೂ ನಗುತ್ತಲೇ ಪರದೆಯ ಕಡೆ ತಿರುಗಿದಳು. ನಗು ಅರ್ಧಕ್ಕೇ ನಿಂತಿತು.

ದನಿಯನ್ನು ಎಷ್ಟು ಒತ್ತುತ್ತಿದೆ ಎಂದು ತೋರಿಸುವ ಮುಳ್ಳು ಅಲ್ಲಾಡುತ್ತಿರಲಿಲ್ಲ. ಹಾಡು ಓಡುತ್ತಿತ್ತು, ಅಕ್ಕನ ದನಿ ಏರುತ್ತಿತ್ತು, ಮುಳ್ಳು ಮಾತ್ರ ಸತ್ತು ಬಿದ್ದಿತ್ತು. ಕಂಪ್ರೆಸರಿನ ಮೂಲೆಯ ಪುಟ್ಟ ಬಟನ್ ಬೂದು ಬಣ್ಣದಲ್ಲಿತ್ತು; ಎಂದರೆ ಕಂಪ್ರೆಸರ್ ಆರಿತ್ತು. ಅಕ್ಕನಿಗೆ ಇದ್ದಾಗ, ಇಲ್ಲದಾಗ ಎಂದು ಕೇಳಿಸಿದಾಗ ಆರಿಸಿದ್ದು, ಮತ್ತೆ ಹಾಕಿರಲೇ ಇಲ್ಲ. ಇಷ್ಟು ಹೊತ್ತು ತಾನು ತಿರುಗಿಸಿದ್ದು ಯಾವುದಕ್ಕೂ ತಗಲದ ನಾಬ್‌ಗಳನ್ನು. ಬಂದ ಉಸಿರು, ಕಂಡ ಮೂತಿ, ಹೆಚ್ಚಾಗಿದ್ದು, ಹಿಂದೆ ಬಂದಿದ್ದು, ಯಾವುದೂ ಆಗಿರಲಿಲ್ಲ. ಅಕ್ಕ ಮೆಚ್ಚಿ ಚಪ್ಪಾಳೆ ತಟ್ಟಿದ್ದು ತನ್ನ ಹಸಿ ದನಿಗೇ.

ಮನೆಯಲ್ಲಿ ಸರಿಯಾಗಿ ಕೇಳಿದವಳು ಅಮ್ಮ ಒಬ್ಬಳೇ.

"ಹಾಗಾದ್ರೆ ಲಿಫ್ಟಿನವರಿಗೆ ಬೇಡ ಅಂತ ಹೇಳಿಬಿಡ್ಲಾ?" ಅಕ್ಕ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು.

ಗುಬ್ಬಿ ಹೂಂ ಎಂದರೆ ಆಯಿತು. ಅಕ್ಕನಿಗೆ ಗೊತ್ತಾಗುವುದೇ ಇಲ್ಲ.

"ಒಂದು ನಿಮಿಷ" ಎಂದು ಅವಳು ಹಾಡನ್ನು ತನ್ನ ಫೋನಿಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು. ಅಕ್ಕನೂ ಹಿಂದೆಯೇ ಬಂದಳು. ಫೋನನ್ನು ಕಿಟಕಿಯ ಕಟ್ಟೆ ಮೇಲಿಟ್ಟು, ಏನೂ ಹೇಳದೆ ಹಾಡು ಹಚ್ಚಿದಳು. ನಲ್ಲಿ ಸುರಿಯುತ್ತಿತ್ತು, ಅಮ್ಮ ಬಾಣಲೆ ಉಜ್ಜುತ್ತಿದ್ದಳು. ದನಿ ಎತ್ತರಕ್ಕೆ ಹೋದಾಗ ಪುಟ್ಟ ಫೋನು ಗರ್ರೆಂದಿತು. ಕೊನೆಯ ಸಾಲಿಗೆ ಬಂದಾಗ ನಲ್ಲಿಯ ನೀರಷ್ಟೇ ಕೇಳುತ್ತಿತ್ತು.

"ಮುಗೀತಾ?" ಎಂದಳು ಅಮ್ಮ.

"ಇಲ್ಲಮ್ಮ, ಇನ್ನೂ ಹಾಡ್ತಿದ್ದೀನಿ" ಎಂದಳು ಅಕ್ಕ, ಕುಗ್ಗಿದ ದನಿಯಲ್ಲಿ.

ಗುಬ್ಬಿ ಆಗ ಹೇಳಿಬಿಟ್ಟಳು. ಬಟನ್ ಆರಿತ್ತು ಎಂದು, ತಾನು ಸುಮ್ಮಸುಮ್ಮನೆ ತಿರುಗಿಸುತ್ತಿದ್ದೆ ಎಂದು, ತನಗೂ ಎಲ್ಲ ಕೇಳಿಸಿತ್ತು ಎಂದು. "ಲಿಫ್ಟಿನವರಿಗೇ ಹೇಳು ಬೇಕಾದ್ರೆ. ಆದರೆ ಹೀಗೇ ಕೊಟ್ಟರೆ ನಿನ್ನ ಕೊನೇ ಸಾಲು ಯಾರ ಮನೇಲೂ ಕೇಳಲ್ಲ. ಎಲ್ಲರ ಮನೇಲೂ ನಲ್ಲಿ ಇರುತ್ತೆ."

ಅಕ್ಕ ಅವಳನ್ನೇ ನೋಡಿದಳು. "ಅಂದ್ರೆ, 'ಜಾಸ್ತಿ ಆಯ್ತು, ಹಿಂದೆ ಬಾ' ಅಂದೆನಲ್ಲ?"

"ನಾನು ಹಿಂದೆ ಬಂದೆನಲ್ಲ!"

ಮೊದಲು ನಕ್ಕಿದ್ದು ಅಮ್ಮ. ಬಾಣಲೆ ಹಿಡಿದುಕೊಂಡೇ ನಕ್ಕಳು. ಆಮೇಲೆ ಅಕ್ಕ, ಬಾಗಿಲ ಚೌಕಟ್ಟು ಹಿಡಿದುಕೊಂಡು. ಅಳು ಬರುವ ಹಾಗಿದ್ದ ಗುಬ್ಬಿಗೂ ನಗು ಬಂತು.

"ಅಮ್ಮನ ಕಿವಿ ಹೋಗಿದೆ ಅಂದ್ಯಲ್ಲ, ತುತ್ತೂರಿ? ಈಗ ಯಾರದ್ದು ಹೋಯ್ತು?" ಎಂದಳು ಅಮ್ಮ.

"ತಪ್ಪಾಯ್ತು ತಾಯಿ. ನಡೀರಿ, ಮೂರು ಜನಾನೂ ಕೂರೋಣ. ಈ ಸಲ ನಿಯತ್ತಾಗಿ."

ಈ ಸಲ ಗುಬ್ಬಿ ಕಂಪ್ರೆಸರನ್ನು ಮುಟ್ಟುವ ಮೊದಲು ಹಾಡನ್ನು ಸಾಲು ಸಾಲಾಗಿ ಕೇಳುತ್ತಾ ಹೋದಳು. ಕೂಗಿದಲ್ಲಿ ದನಿಯ ಮಟ್ಟವನ್ನು ಕೈಯಿಂದಲೇ ಚೂರು ಇಳಿಸಿದಳು, ಪಿಸುಮಾತಿನಲ್ಲಿ ಏರಿಸಿದಳು. ಕಾವಲುಗಾರನಿಗೆ ಉಳಿದದ್ದು ಸ್ವಲ್ಪವೇ ಕೆಲಸ. ಅಕ್ಷರದ ಮೊದಲ ಪೆಟ್ಟು ದಾಟಿ ಹೋದ ಮೇಲೆ ಕೈಯಿಡಬೇಕು, ಮುಂದಿನ ಸಾಲಿನ ಉಸಿರಿಗೆ ಮೊದಲೇ ತೆಗೆಯಬೇಕು. ಮುಳ್ಳು ಈಗ ತೂಕಡಿಸುವವರ ತಲೆಯ ಹಾಗೆ ಮೆಲ್ಲಗೆ ಬಾಗಿ, ಮತ್ತೆ ಏಳುತ್ತಿತ್ತು. ಕೊನೆಗೆ, ಬಟನ್ ಹಾಕಿದರೂ ಆರಿಸಿದರೂ ಒಟ್ಟು ಸದ್ದು ಅಷ್ಟೇ ಇರುವಂತೆ ಸರಿತೂಗಿಸಿದಳು. ಜೋರಾಗಿದ್ದದ್ದೇ ಚೆನ್ನಾಗಿದೆ ಅಂತ ಕಿವಿ ನಂಬಿಬಿಡುತ್ತದೆ. ಮೊದಲ ಹಾಡಿನಲ್ಲಿ ಅವಳು ಮೋಸಹೋದದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಅಕ್ಕತಂಗಿಯರಿಬ್ಬರೂ ರಜಾಯಿ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಕೂತರು, ಚಿಕ್ಕಂದಿನಲ್ಲಿ ಜಗಳವಾಡಿದಾಗ ಅಮ್ಮ ಕೂರಿಸುತ್ತಿದ್ದ ಹಾಗೆಯೇ. ಮೌಸು ಅಮ್ಮನ ಕೈಗೆ ಬಂತು.

"ಬದಲಾಯ್ತು ಅನ್ನಿಸಿದಾಗ ಕೈ ಎತ್ತಬೇಕು" ಎಂದಳು ಗುಬ್ಬಿ. "ಅಮ್ಮ, ನೀನು ಯಾವಾಗ ಬೇಕಾದ್ರೂ ಒತ್ತು."

ಹಾಡು ಶುರುವಾಯಿತು. ಅಕ್ಕನ ಕೈ ಮೇಲೆ ಹೋಯಿತು. ಗುಬ್ಬಿಯದೂ ಹೋಯಿತು.

"ಕೈ ಇಳಿಸ್ರೇ" ಎಂದಳು ಅಮ್ಮ. "ಕನ್ನಡಕ ಹಾಕ್ಕೊಳ್ತಿದ್ದೀನಿ, ಇನ್ನೂ ಒತ್ತೇ ಇಲ್ಲ."

ಮತ್ತೆ ಮೊದಲಿಂದ. ಈ ಸಲ ಇಬ್ಬರೂ ಗಪ್‌ಚುಪ್ಪಾಗಿ ಕೇಳಿದರು. ಅಕ್ಕ ತಡವಾಗಿ, ಸಂಶಯದಿಂದ ಕೈ ಎತ್ತಿದಳು. "ಈಗ ಬದಲಾಯ್ತು. ಸ್ವಲ್ಪ ಹತ್ತಿರ ಬಂದ ಹಾಗಾಯ್ತು. ಉಸಿರಿದೆ. ನಾನೇ ಇದು. ಇದನ್ನೇ ಇಡು. ಅಮ್ಮ, ಬಟನ್ ಹಾಕಿದ್ಯಾ, ಆರಿಸಿದ್ಯಾ?"

ಅಮ್ಮ ಬಗ್ಗಿ ನೋಡಿದಳು. "ನೀಲಿ ಇದೆ."

ನೀಲಿ ಎಂದರೆ ಹಾಕಿದೆ ಎಂದು. ಗುಬ್ಬಿ ಕಣ್ಣು ತೆರೆದು ಈ ಕಡೆ ತಿರುಗಿದಳು.

"ಸರಿ, ನಾನು ಹೋಗ್ತೀನಿ, ಟೀಗೆ ಇಡಬೇಕು" ಎಂದು ಅಮ್ಮ ಎದ್ದಳು. ಅಕ್ಕ ಫೋನು ಹಿಡಿದು, ಲಿಫ್ಟಿನವರ ನಂಬರಿನ ಮೇಲೆ ಬೆರಳಿಟ್ಟು, ತಂಗಿಯನ್ನು ನೋಡಿದಳು. "ಇನ್ನೊಂದು ಪರೀಕ್ಷೆ ಇದೆ. ನಲ್ಲಿ ಪರೀಕ್ಷೆ."

ಇಬ್ಬರೂ ಹೊಸ ಹಾಡನ್ನು ಗುಬ್ಬಿಯ ಫೋನಿಗೆ ಹಾಕಿ, ಮೆಲ್ಲಗೆ ಹೋಗಿ ಕಿಟಕಿಯ ಕಟ್ಟೆ ಮೇಲಿಟ್ಟು, ಹೊರಗೆ ಬಂದು ಗೋಡೆಗೆ ಅಂಟಿಕೊಂಡು ನಿಂತರು. ಒಳಗೆ ನಲ್ಲಿ ಸುರಿಯುತ್ತಿತ್ತು, ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ದನಿ ಏರಿತು, ಗರ್ರೆನ್ನಲಿಲ್ಲ. ಇಳಿಯಿತು. ಕೊನೆಯ ಸಾಲು ಬಂತು. ಅಕ್ಕ ಗುಬ್ಬಿಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

ನಲ್ಲಿಯ ಸದ್ದು ಹಾಗೇ ಇತ್ತು. ಅದರ ಮೇಲೆ ಅಮ್ಮನ ದನಿ ಕೇಳಿತು.

"ಬಾಗಿಲು ಹಾಕಿಲ್ವಂತೆ! ಯಾರಾದ್ರೂ ಹೋಗಿ ಹಾಕ್ರೇ, ಬೆಕ್ಕು ಒಳಗೆ ಬರುತ್ತೆ."

ಅಕ್ಕ ಗುಬ್ಬಿಯ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟುಕೊಂಡಳು. "ಹಲೋ, ಆಲ್ಬಮ್ ವಿಷಯ ಮಾತಾಡಿದ್ದೆನಲ್ಲ... ಇಲ್ಲ, ಬೇಡ. ನಮಗೆ ಇಂಜಿನಿಯರ್ ಸಿಕ್ಕಿದ್ದಾರೆ." ಒಂದು ಕ್ಷಣ ಕೇಳಿಸಿಕೊಂಡು, ತಂಗಿಯ ಕಡೆ ಕಣ್ಣು ಹೊಡೆದಳು. "ಲಿಫ್ಟಾ? ಇಲ್ಲ, ಲಿಫ್ಟ್ ಇಲ್ಲ. ನಲ್ಲಿ ಇದೆ."