ಡಬ್ಬಿಯ ಮೇಲಿನ ಆರ್ಲೀನ್

ಮುದುಕ ವೆಂಡೆಲ್ ಹಾರ್ಗಿಸ್ ಮೂರು ವರ್ಷದಿಂದ ಹುಡುಕುತ್ತಿದ್ದ ರಟ್ಟಿನ ಡಬ್ಬಿ ಕೊನೆಗೂ ಅಮೆರಿಕದ ಸ್ಯಾನ್ ಹೋಸೆಯ ಒಂದು ಶಾಲೆಯ ಸಭಾಂಗಣದಲ್ಲಿ, ಡಾರ್ಲಾ ಎಂಬುವಳ ಮೇಜಿನ ಮೇಲೆ ಸಿಕ್ಕಿತು. ಹಳೇ ವಿಡಿಯೋ ಗೇಮುಗಳ ಭಾನುವಾರದ ಸಂತೆ ಅದು. ಡಬ್ಬಿಯ ಮೇಲೆ ‘ಮೂನ್ ಫೆರಿ’ ಎಂಬ ಗೇಮಿನ ಹೆಸರು, ಎರಡು ಚಂದ್ರ, ನಡುವೆ ಹಡಗು, ಚುಕ್ಕಾಣಿ ಹಿಡಿದು ನಿಂತ ಹೆಂಗಸು. ಆದರೆ ಅವಳ ಮುಖ ಇರಬೇಕಾದ ಕಡೆ ‘ಅರ್ಧ ಬೆಲೆ’ ಎಂಬ ಕಿತ್ತಳೆ ಬಣ್ಣದ ಚೀಟಿ ಅಂಟಿತ್ತು.

“ಥೂ, ಅಂಟಿಸಿದೋನ ಕೈ ಸೇದೋಗ! ಇಷ್ಟು ದೊಡ್ಡ ಡಬ್ಬೀಲಿ ಅವನಿಗೆ ಬೇರೆ ಜಾಗ ಸಿಗಲಿಲ್ವಾ?” ಎಂದು ವೆಂಡೆಲ್ ಸಿಡುಕಿದ.

ಡಾರ್ಲಾ ನಕ್ಕಳು. “ಎಂಬತ್ಮೂರರಲ್ಲಿ ಗೇಮ್ ವ್ಯಾಪಾರಾನೇ ಬಿದ್ದೋಗಿತ್ತು, ಯಾರೂ ಮೂಸ್ತಿರಲಿಲ್ಲ ತಾತ. ಅಂಗಡಿ ಬಾಗಿಲಲ್ಲಿ ಬುಟ್ಟಿಗೆ ಸುರಿದು ಮಾರ್ತಿದ್ರು. ಮುಖ ನೋಡ್ಕೊಂಡು ಅಂಟಿಸೋಕೆ ಯಾರಿಗೆ ಪುರುಸೊತ್ತು?”

“ಇದನ್ನ ಬಿಡಿಸಮ್ಮ.”

“ಅಯ್ಯೋ! ಚೀಟಿ ಕೀಳೋದು ಹಳೇ ಡಬ್ಬಿ ಕೂಡಿಡೋ ನಮ್ಮಂಥೋರಲ್ಲಿ ಮಹಾಪಾಪ. ಜೊತೆಗೆ ಚಿತ್ರಾನೂ ಕಿತ್ಕೊಂಡು ಬರುತ್ತೆ. ಇದ್ದ ಹಾಗೇ ಇಟ್ಕೋಬೇಕು, ಅದೂ ಚರಿತ್ರೇನೇ.”

“ಚರಿತ್ರೆ ಹಾಳಾಗ್ಲಿ. ಅದರ ಕೆಳಗಿರೋಳು ನನ್ನ ಹೆಂಡ್ತಿ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಆ ಕಾಲದ ಗೇಮುಗಳು ಹಾಗೇ ಇದ್ದವು. ಟಿವಿಯಲ್ಲಿ ಕಾಣುತ್ತಿದ್ದುದು ನಾಲ್ಕು ಚೌಕದ ಹಡಗು, ಎರಡು ಬಿಳಿ ಚುಕ್ಕೆ, ಅಷ್ಟೇ. ಮಕ್ಕಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಡುತ್ತಿದ್ದರು, ಚುಕ್ಕೆಗಳಿಗೆ ಜೀವ ಬರುತ್ತಿದ್ದುದು ಅಲ್ಲಿಂದ. ಅಂಥ ನಲವತ್ತು ಡಬ್ಬಿಗಳಿಗೆ ವೆಂಡೆಲ್ ಚಿತ್ರ ಬರೆದಿದ್ದ. ಆಟವೇ ಇನ್ನೂ ತಯಾರಾಗಿರುತ್ತಿರಲಿಲ್ಲ. ಕಂಪನಿಯವರು ಫೋನಿನಲ್ಲಿ ಒಂದು ಸಾಲು ಹೇಳುತ್ತಿದ್ದರು, ಅದರ ಮೇಲೆ ಇವನು ಬ್ರಹ್ಮಾಂಡ ಕಟ್ಟಬೇಕು. ಸಹಿ ಹಾಕುವ ಹಾಗೂ ಇರಲಿಲ್ಲ.

ಈ ಚಿತ್ರಕ್ಕೆ ನಿಂತವಳು ಆರ್ಲೀನ್. ನಿಂತದ್ದು ಅಡುಗೆಮನೆಯಲ್ಲಿ, ಕೂದಲು ಹಾರಲೆಂದು ಟೇಬಲ್ ಫ್ಯಾನಿನ ಮುಂದೆ, ಚುಕ್ಕಾಣಿಯ ಬದಲು ದೊಡ್ಡ ಪಾತ್ರೆಯ ಮುಚ್ಚಳ ಹಿಡಿದು. “ಚಂದ್ರನ ಹತ್ರ ಗಾಳಿ ಎಲ್ಲಿಂದ ಬಂತೋ ಪೆದ್ದು?” ಎಂದು ಛೇಡಿಸಿದ್ದಳು. ದೂರದ ದಡವನ್ನು ಅರಸುವಂತಿದ್ದ ಆ ಕಣ್ಣುಗಳು ನಿಜಕ್ಕೂ ಕಾಯುತ್ತಿದ್ದುದು ಓವನ್ನಿನಲ್ಲಿದ್ದ ಸೇಬಿನ ಪೈಯನ್ನು. ಫೋಟೋಗಳಲ್ಲಿ ಆ ಮುಖ ಎಂದೂ ಬರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಹರಳೆಣ್ಣೆ ಕುಡಿದವಳ ಹಾಗೆ ಮುಖ ಮಾಡುತ್ತಿದ್ದಳು. ಮೂಲ ಚಿತ್ರವನ್ನು ಕಂಪನಿ ಮುಚ್ಚುವಾಗ ಯಾರೋ ಕಸಕ್ಕೆ ಹಾಕಿದರು. ಈಗ ಅವಳು ತೀರಿಕೊಂಡು ಮೂರು ವರ್ಷ. ವೆಂಡೆಲ್ ಕಣ್ಣು ಮುಚ್ಚಿದರೆ ಆಸ್ಪತ್ರೆಯ ಹಾಸಿಗೆಯ ಮೇಲಿನ ಮುಖವಷ್ಟೇ ಬರುತ್ತಿತ್ತು. ಅದು ಅವಳಲ್ಲ ಎಂದು ಅವನಿಗೆ ಗೊತ್ತು, ಆದರೂ ಅದೇ ಬರುತ್ತಿತ್ತು.

ಡಾರ್ಲಾ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಮೇಜಿನ ಕೆಳಗಿಂದ ಹೇರ್ ಡ್ರೈಯರ್ ತೆಗೆದಳು.

“ಹರಿದೋದ್ರೆ ನನ್ನ ಬೈಬೇಡಿ ತಾತ.”

“ಹರಿದೋದ್ರೆ ಅವಳು ಇನ್ನೊಂದ್ಸಲ ಹೋದಳು ಅಂದ್ಕೋತೀನಿ. ನೀನು ಶುರು ಮಾಡು.”

ಬಿಸಿ ಗಾಳಿಗೆ ಅಂಟು ಮೆತ್ತಗಾಯಿತು. ಡಾರ್ಲಾ ಉಸಿರು ಬಿಗಿಹಿಡಿದು, ಉಗುರಿನ ತುದಿಯಿಂದ ಚೀಟಿಯ ಮೂಲೆಯನ್ನು ಕೂದಲೆಳೆಯಷ್ಟೇ ಎತ್ತುತ್ತ ಹೋದಳು. ವೆಂಡೆಲ್‌ಗೆ ನೋಡಲಾಗಲಿಲ್ಲ, ಗೋಡೆಯ ಕಡೆ ತಿರುಗಿಬಿಟ್ಟ.

“ತಾತ, ಈ ಕಡೆ ನೋಡಿ.”

ಡಬ್ಬಿ ವರ್ಷಗಟ್ಟಲೆ ಯಾರದೋ ಕಿಟಕಿಯಲ್ಲಿ ಬಿಸಿಲು ತಿಂದಿತ್ತು. ಚಂದ್ರರು, ಹಡಗು, ಹೆಂಗಸಿನ ಕೈಗಳು ಎಲ್ಲವೂ ಬಿಳುಚಿಕೊಂಡು ತಿಳಿನೀಲಿಯಾಗಿದ್ದವು. ಚೀಟಿ ಮುಚ್ಚಿಟ್ಟಿದ್ದ ಒಂದು ಚೌಕದಲ್ಲಿ ಮಾತ್ರ ಬಣ್ಣ ಅಚ್ಚಾದ ದಿನದಂತೆಯೇ ಇತ್ತು. ಇಪ್ಪತ್ತೊಂಬತ್ತರ ಆರ್ಲೀನ್, ಕೆಂಪು ಕೆನ್ನೆ, ಹುಬ್ಬಿನ ಮೇಲೊಂದು ಮಚ್ಚೆ. ವೆಂಡೆಲ್ ಅತ್ತ. ನಾಚಿಕೆಯಿಲ್ಲದೆ, ಸಂತೆಯ ನಡುವೆ, ಬಿಕ್ಕಿ ಬಿಕ್ಕಿ ಅತ್ತ.

“ಆ ಮೇಲಿನ ದೀಪ ಆರಿಸೋಕಾಗುತ್ತಾ? ಬೆಳಕಿಗೆ ಇವಳೂ ಬಿಳುಚ್ಕೊಂಡಾಳು” ಎಂದು ಕೇಳಿದ.

“ಆಗಲ್ಲ ತಾತ, ಇಡೀ ಸಭಾಂಗಣಕ್ಕೆ ಒಂದೇ ಸ್ವಿಚ್ಚು.”

ವೆಂಡೆಲ್ ಎರಡೂ ಅಂಗೈಗಳನ್ನು ಗೂಡುಮಾಡಿ ಆ ಮುಖಕ್ಕೆ ನೆರಳು ಹಿಡಿದ. ಆಮೇಲೆ ಬಗ್ಗಿ, ಬೆರಳ ಸಂದಿಯಲ್ಲಿ ಕಣ್ಣಿಟ್ಟು ನೋಡತೊಡಗಿದ.